ಮದುವೆಯ ಸೈಕಲ್ಲೂ ಅತ್ತೆಯ ಸಿಗರೇಟೂ

ನಮ್ಮತ್ತೆ ಸಿಗರೇಟು ಸೇದುತ್ತಾರೆ ಎಂಬ ಸುದ್ದಿ ಮುಳ್ಳೇರಿಯದಿಂದ ಎಡನೀರಿನವರೆಗೆ ಹಬ್ಬಿದ್ದು ನನ್ನ ಮದುವೆಯ ಮಾತುಕತೆ ನಡೆದ ತಿಂಗಳಲ್ಲೇ. ಬರೀ ಸಿಗರೇಟಾದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅದರ ಬೆನ್ನಿಗೇ ಕಳ್ಳೂ ಸೇರಿಕೊಂಡಿತು! ಹೇಳಿದವರೇನು ಸುಳ್ಳು ಹೇಳಿದರೇ? ಅದೂ ಇಲ್ಲ. ಅತ್ತೆಯ ಕೈಯಲ್ಲಿ ಸಿಗರೇಟಿನ ಪೊಟ್ಟಣವನ್ನು ಒಂದು ಬಸ್ಸು ತುಂಬ ಜನ ಕಣ್ಣಾರೆ ನೋಡಿದ್ದರು. ಕಳ್ಳಿನ ಮಡಕೆಯನ್ನಂತೂ ನಾನೇ ನೋಡಿದ್ದೆ.

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ, ಇವರು ನನ್ನ ಅಪ್ಪನ ಅಕ್ಕ. ಹನ್ನೊಂದನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆ ಕಾಲದ ಪದ್ಧತಿಯಂತೆ ಬೋಳಿಸಿದ ತಲೆ, ಕೆಂಪು ಸೀರೆ, ಒಪ್ಪೊತ್ತಿನ ಊಟ. ಈರುಳ್ಳಿಯ ವಾಸನೆ ಗಾಳಿಯಲ್ಲಿ ಬಂದರೂ ಮತ್ತೊಮ್ಮೆ ಸ್ನಾನ ಮಾಡುವಷ್ಟು ಮಡಿ! ಇನ್ನು ಕನ್ನಡಿ. ಗಂಡ ಸತ್ತವರು ಕನ್ನಡಿ ನೋಡಬಾರದು ಎಂಬ ಕಟ್ಟಳೆಯನ್ನು ಅತ್ತೆ ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ, ನಡುಕೋಣೆಯ ಗೋಡೆಯಲ್ಲಿದ್ದ ನಮ್ಮ ಮನೆಯ ಒಂದೇ ಕನ್ನಡಿಯ ಮುಂದೆ ಹಾದುಹೋಗುವಾಗ ಸೆರಗನ್ನು ಮಳೆಗೆ ಕೊಡೆ ಹಿಡಿದ ಹಾಗೆ ಓರೆಯಾಗಿ ಹಿಡಿದು ಸರಸರನೆ ದಾಟುತ್ತಿದ್ದರು. ಅದನ್ನು ನೋಡಿ ನಾವು ಮಕ್ಕಳೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಇಷ್ಟೆಲ್ಲ ವಿರಕ್ತಿಯಿದ್ದ ಅತ್ತೆಗೆ ಲೋಕದಲ್ಲಿ ಒಂದೇ ಒಂದು ಆಸಕ್ತಿ ಉಳಿದಿತ್ತು. ಅದು ತುಕ್ಕು! ಎಲ್ಲಿ ತುಕ್ಕು ಕಂಡರೂ ಅವರ ಕೈ ತುರಿಸುತ್ತಿತ್ತು. ಮನೆಯ ಕತ್ತಿ, ಹಾರೆ, ಬೀಗ, ಕೊಕ್ಕೆ, ಬಾಗಿಲ ಚಿಲಕ ಎಲ್ಲ ಮುಗಿದ ಮೇಲೆ ಬಂದವರ ಸಾಮಾನಿಗೆ ಕೈ ಹಾಕುತ್ತಿದ್ದರು. ಒಮ್ಮೆ ಶ್ಯಾನುಭೋಗರು ನಮ್ಮಲ್ಲಿ ಊಟ ಮಾಡಿ ಜಗಲಿಯಲ್ಲಿ ಒಂದು ನಿದ್ದೆ ತೆಗೆದರು. ಎದ್ದು ನೋಡಿದರೆ ಕೊಡೆ ಇಲ್ಲ. ಎಲ್ಲಿ? ಹಿತ್ತಲ ಬಾನಿಯಲ್ಲಿ, ಹುಳಿ ಮಜ್ಜಿಗೆಯೊಳಗೆ ಮುಳುಗಿ ಕೂತಿದೆ!

"ಕಡ್ಡಿಗೆಲ್ಲ ತುಕ್ಕು ಹಿಡಿದಿತ್ತು ಮಾರಾಯ್ರೆ. ನಾಳೆಯವರೆಗೆ ನೆನೆಯಲಿ," ಎಂದರು ಅತ್ತೆ ಸಮಾಧಾನದಲ್ಲಿ.

"ಬಟ್ಟೆ ಉಂಟಲ್ಲ ಅಮ್ಮಾ ಅದಕ್ಕೆ!"

"ಬಟ್ಟೆಗೆ ನನ್ನದೇನೂ ತಕರಾರಿಲ್ಲ."

ಕೊಡೆಯ ಕಡ್ಡಿಗಳು ಹೊಸದರಂತೆ ಆದದ್ದು ನಿಜ. ಆದರೆ ಆ ಮಳೆಗಾಲವಿಡೀ ಶ್ಯಾನುಭೋಗರು ಕೊಡೆ ಬಿಡಿಸಿದಲ್ಲೆಲ್ಲ ಜನ ಮೂಗು ಮುಚ್ಚಿಕೊಂಡರಂತೆ. ಆಮೇಲೆ ಅವರು ನಮ್ಮಲ್ಲಿಗೆ ಬಂದಾಗ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದರು.

ಈಗ ಮದುವೆಯ ವಿಷಯಕ್ಕೆ ಬರುತ್ತೇನೆ. ನನಗೆ ಅದಾಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಒಂದು ಜಾತಕದಿಂದ, ಇನ್ನೊಂದು ನನ್ನ ಎತ್ತರದಿಂದ. ಹುಡುಗನಿಗಿಂತ ಎರಡು ಬೆರಳು ಹೆಚ್ಚಿದ್ದೆನಂತೆ, ಅದು ನನ್ನ ತಪ್ಪೇ? ಮೂರನೆಯದು ದೇಲಂಪಾಡಿ ಕಡೆಯ ಶಾಲೆಯ ಮಾಸ್ಟ್ರು. ಹೆಣ್ಣು ನೋಡಲು ಬಂದವರು ನನ್ನನ್ನು ನೋಡದೆ ನಮ್ಮ ಜಗಲಿಯ ಬೆಕ್ಕನ್ನು ನೋಡಿ ಮುಗುಳ್ನಕ್ಕರು. ನನಗೆ ಆ ಕ್ಷಣವೇ ಹುಡುಗ ಮೆಚ್ಚಿಗೆಯಾಗಿಬಿಟ್ಟ. ಇದೂ ತಪ್ಪಿದರೆ ಇನ್ನು ಮದುವೆಯೇ ಬೇಡ ಎಂದು ಒಳಗೊಳಗೇ ಹಟ ಹಿಡಿದೆ.

ಹುಡುಗನ ತಂದೆ, ಅಂದರೆ ಮುಂದೆ ನನ್ನ ಮಾವನವರಾದವರು, ಮಹಾ ನೇಮದವರು. ಮಾತಿಗೊಮ್ಮೆ ಡಬ್ಬಿ ತೆರೆದು ಒಂದು ಚಿಟಿಕೆ ನಶ್ಯ ಏರಿಸುತ್ತ, "ನಮಗೆ ಬಂಗಾರ ಬೇಡ, ಪಾತ್ರೆ ಬೇಡ. ಹುಡುಗನಿಗೆ ಶಾಲೆಗೆ ಹೋಗ್ಲಿಕ್ಕೆ ಆರು ಮೈಲು ಉಂಟು. ಒಂದು ಸೈಕಲ್ಲು ಕೊಟ್ಟರೆ ಸಾಕು. ಆದರೆ ನೋಡಿ, ಕೊಡುವುದಾದರೆ ಹ್ಯಾಂಡಲಿನಲ್ಲಿ ಮುಖ ಕಾಣುವ ಹಾಗೆ ಇರಬೇಕು," ಎಂದರು. ಹದಿನೈದು ದಿನ ಕಳೆದು ಬಂದು ಸೈಕಲ್ಲು ನೋಡುತ್ತಾರೆ, ಸರಿ ಕಂಡರೆ ಅಂದೇ ಮುಹೂರ್ತ ಇಡುವುದು ಎಂದೂ ಆಯಿತು.

ಅದು ಯುದ್ಧದ ಕಾಲ. ಬಸ್ಸುಗಳೇ ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದಾಗ ಹೊಸ ಸೈಕಲ್ಲು ಎಲ್ಲಿಂದ ತರುವುದು? ಅಪ್ಪ ಮಂಗಳೂರಿನವರೆಗೂ ಹೋಗಿ ಬರಿಗೈಯಲ್ಲಿ ಬಂದರು. ಅಪರೂಪಕ್ಕೆ ಬಂದ ಒಂದೆರಡಕ್ಕೂ ಹ್ಯಾಂಡಲಿಗೆಲ್ಲ ಕಪ್ಪು ಬಣ್ಣ ಬಳಿದಿದ್ದರಂತೆ. ಕೊನೆಗೆ ಅಪ್ಪನ ಸ್ನೇಹಿತರಾದ ಅಂದುಂಞಿ ಬ್ಯಾರಿಗಳು, "ನನ್ನ ಬಂಡಸಾಲೆಯಲ್ಲಿ ಒಂದು ಹಳೆಯದು ಬಿದ್ದಿದೆ, ಕೊಂಡುಹೋಗಿ," ಎಂದರು. ಬ್ಯಾರಿಗಳ ಬಂಡಸಾಲೆ ಇದ್ದದ್ದು ಕಾಸರಗೋಡಿನ ಕಡಲ ಬದಿಯಲ್ಲಿ. ಅದರಲ್ಲಿ ಅವರು ಇಡುತ್ತಿದ್ದದ್ದು ಒಣಮೀನು. ಉಪ್ಪುಗಾಳಿಯಲ್ಲಿ, ಒಣಮೀನಿನ ರಾಶಿಯ ಪಕ್ಕ ನಾಲ್ಕು ವರ್ಷ ನಿಂತ ಸೈಕಲ್ಲು!

ಗಾಡಿಯಿಂದ ಅದನ್ನು ಇಳಿಸಿದಾಗ ನನಗೆ ನೆಲ ಕುಸಿದ ಹಾಗಾಯಿತು. ಚಕ್ರ, ಸರಪಳಿ ಎಲ್ಲ ಗಟ್ಟಿಯಾಗಿಯೇ ಇದ್ದವು. ಆದರೆ ಹ್ಯಾಂಡಲು, ಗಂಟೆ, ದೀಪದ ಬುರುಡೆ ಪೂರ್ತಿ ಕೆಂಪು. ಅದರ ಮೇಲಿದ್ದದ್ದು ಕ್ರೋಮಿಯಂ ಎಂಬುದೆಲ್ಲ ನಮಗೆ ಆಗ ಗೊತ್ತಿಲ್ಲ, ಬೆಳ್ಳಿ ಪಾಲಿಶು ಎನ್ನುತ್ತಿದ್ದೆವು. ಬೆಳ್ಳಿಯೂ ಇಲ್ಲ, ಪಾಲಿಶೂ ಇಲ್ಲ! ಅಮ್ಮ ಒಳಗೆ ಹೋಗಿ ಅತ್ತರು. ಅಪ್ಪ ತಲೆ ಮೇಲೆ ಕೈ ಹೊತ್ತು ಕೂತರು. ಅತ್ತೆ ಮಾತ್ರ ದೇವರು ಪ್ರತ್ಯಕ್ಷವಾದವರಂತೆ ಸೈಕಲ್ಲಿಗೆ ಮೂರು ಸುತ್ತು ಬಂದರು.

"ಅಬ್ಬಾ, ಎಂಥ ತುಕ್ಕು!" ಎಂದರು ಆನಂದದಲ್ಲಿ. "ನೀನು ಹೆದರಬೇಡ ಹುಡುಗಿ. ಮುಖ ಕಾಣಬೇಕು ಅಲ್ವಾ? ನಾನು ಕಾಣಿಸ್ತೇನೆ."

ಮರುದಿನ ಬೆಳಿಗ್ಗೆಯೇ ಹಲಸಿನ ಮರದಡಿಯಲ್ಲಿ ಕೆಲಸ ಶುರುವಾಯಿತು. ಮೊದಲನೆಯ ದಿನ ಹುಣಿಸೆಹಣ್ಣು. ಎರಡನೆಯ ದಿನ ಬಿಂಬುಳಿ ಕಾಯಿಯ ಹುಳಿ ರಸ. ಮೂರನೆಯ ದಿನ ಹುಳಿ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆ ಸುತ್ತಿ ಇಟ್ಟದ್ದು. ತುಕ್ಕು ಸ್ವಲ್ಪ ಮೆತ್ತಗಾಯಿತೇ ಹೊರತು ಬಿಟ್ಟು ಹೋಗಲಿಲ್ಲ. ಒಣಮೀನಿನ ವಾಸನೆಗೆ ಮಜ್ಜಿಗೆಯ ವಾಸನೆ ಸೇರಿ ನಮ್ಮ ದನಗಳು ಮೇಯಲು ಬೇರೆ ದಾರಿ ಹಿಡಿದವು! ನಾಲ್ಕನೆಯ ದಿನ ಅತ್ತೆ ತಾಳ್ಮೆ ತಪ್ಪಿ ಹೊಳೆಯ ಹೊಯಿಗೆ ಮತ್ತು ಇಟ್ಟಿಗೆ ಪುಡಿ ತೆಗೆದುಕೊಂಡು, ದೊಡ್ಡ ಹಂಡೆ ತಿಕ್ಕುವ ರಭಸದಲ್ಲಿ ಹ್ಯಾಂಡಲಿನ ಒಂದು ಕೊನೆಯನ್ನು ತಿಕ್ಕತೊಡಗಿದರು.

ಸೈಕಲ್ಲು ಏನಾಯಿತೆಂದು ವಿಚಾರಿಸಲು ಬಂದಿದ್ದ ಅಂದುಂಞಿ ಬ್ಯಾರಿಗಳು ಅದನ್ನು ಕಂಡು ಅಂಗಳದಲ್ಲೇ ಕೂಗಿದರು. "ಅಲ್ಲಾ! ನಿಲ್ಲಿಸಿ ಅಮ್ಮಾ! ಅದು ಹಂಡೆ ಅಲ್ಲ! ಪಾಲಿಶು ಈರುಳ್ಳಿ ಸಿಪ್ಪೆಯಷ್ಟೇ ದಪ್ಪ ಉಂಟು, ಎದ್ದುಹೋದರೆ ಮತ್ತೆ ಬರುವುದಿಲ್ಲ!"

ಅತ್ತೆಯ ಕೈ ಅಲ್ಲಿಗೇ ನಿಂತಿತು. ನೋಡಿದರೆ ಒಂದು ಬೆರಳಗಲದಲ್ಲಿ ಹೊಳಪೆಲ್ಲ ಗೀರು ಗೀರಾಗಿ ಮಾಸಿಹೋಗಿದೆ. ನನಗೆ ಅಳು ಬಂತು. ಅತ್ತೆ ನನ್ನ ಮುಖ ನೋಡಿದರು, ಇಟ್ಟಿಗೆ ಪುಡಿ ಮೆತ್ತಿದ ತಮ್ಮ ಕೈ ನೋಡಿದರು. ಜೀವಮಾನದಲ್ಲಿ ಮೊದಲ ಸಲ ತುಕ್ಕಿನ ವಿಷಯದಲ್ಲಿ ಇನ್ನೊಬ್ಬರನ್ನು ಕೇಳಿದರು. "ಹಾಗಾದರೆ ಎಂತ ಮಾಡುವುದು ಬ್ಯಾರಿಗಳೇ?"

ಬ್ಯಾರಿಗಳು ಪ್ರಾಯದಲ್ಲಿ ಸಿಲೋನಿನ ಕೊಲಂಬಿನಲ್ಲಿ ಒಬ್ಬ ತೋಟದ ದೊರೆಯ ಕಾರು ತೊಳೆಯುವ ಕೆಲಸದಲ್ಲಿದ್ದವರು. "ಸಿಗರೇಟು ಪೊಟ್ಟಣದ ಒಳಗೆ ಬೆಳ್ಳಿ ಕಾಗದ ಉಂಟಲ್ಲ, ಅದನ್ನು ಮುದ್ದೆ ಮಾಡಿ ಹುಳಿಯಲ್ಲಿ ಅದ್ದಿ ಮೆಲ್ಲ ಉಜ್ಜಬೇಕು. ಅದು ತುಕ್ಕನ್ನು ಮಾತ್ರ ಹಿಡೀತದೆ, ಪಾಲಿಶಿಗೆ ಎಂತದೂ ಆಗುವುದಿಲ್ಲ."

"ಹುಳಿ ಅಂದರೆ? ಹುಣಿಸೆಯಾ?"

ಬ್ಯಾರಿಗಳು ಅತ್ತಿತ್ತ ನೋಡಿ ಧ್ವನಿ ತಗ್ಗಿಸಿದರು. "ಕಳ್ಳು. ನಾಲ್ಕು ದಿನ ಇಟ್ಟು ಹುಳಿ ಬಂದ ಕಳ್ಳು. ತೋಬಾ, ನಾನು ಹೆಸರು ಮಾತ್ರ ಹೇಳಿದ್ದು ಅಮ್ಮಾ, ಮುಟ್ಟಿದವನಲ್ಲ."

ನಾನು ದಂಗಾಗಿ ಅತ್ತೆಯನ್ನು ನೋಡಿದೆ. ಈಗ ಕಿವಿ ಮುಚ್ಚಿಕೊಂಡು ಸ್ನಾನಕ್ಕೆ ಓಡುತ್ತಾರೆ ಎಂದುಕೊಂಡೆ. ಅವರು ಅರ್ಧ ನಿಮಿಷ ಕಣ್ಣು ಮುಚ್ಚಿ ಕುಳಿತು ಒಂದು ತೀರ್ಮಾನಕ್ಕೆ ಬಂದರು. "ಬಾಯಿ ತಾಗುವುದು ಸಿಗರೇಟಿಗೆ. ಒಳಗಿನ ಕಾಗದಕ್ಕೆ ಯಾರಾದರೂ ಬಾಯಿ ಹಾಕ್ತಾರಾ? ಹಾಗಾದರೆ ಅದು ಎಂಜಲಲ್ಲ. ಇನ್ನು ಕಳ್ಳು. ಹೊಟ್ಟೆಗೆ ಹೋದರೆ ಅಲ್ವಾ ಪಾಪ? ತುಕ್ಕಿಗೆ ಕುಡಿಸಿದರೆ ನನಗೆಂತ?"

ಹಳ್ಳಿಯಲ್ಲಿ ಆಗ ಎಲ್ಲರೂ ಸೇದುತ್ತಿದ್ದದ್ದು ಬೀಡಿ. ಸಿಗರೇಟು ಬೇಕಾದರೆ ಮುಳ್ಳೇರಿಯದ ಬಸ್ಸು ನಿಲ್ಲುವಲ್ಲಿಗೇ ಹೋಗಬೇಕು. ಅತ್ತೆ ನನ್ನನ್ನು ಎಳೆದುಕೊಂಡು ಹೊರಟರು. ಚಹಾ ಹೋಟೆಲಿನ ಎದುರು ಬೋಳು ತಲೆಯ ಮೇಲೆ ಸೆರಗು ಹೊದ್ದ ಅಮ್ಮ ಬಗ್ಗಿ ಬಗ್ಗಿ ಖಾಲಿ ಪೊಟ್ಟಣ ಹೆಕ್ಕುವುದನ್ನು ಕಂಡು ಚಹಾ ಕುಡಿಯುತ್ತಿದ್ದವರ ಲೋಟಗಳು ಗಾಳಿಯಲ್ಲೇ ನಿಂತವು. ಸಿಕ್ಕಿದ್ದು ನಾಲ್ಕೇ ನಾಲ್ಕು. ಅಷ್ಟರಲ್ಲಿ ಹೊಗೆ ಕಾರುತ್ತ ಇದ್ದಿಲ ಬಸ್ಸು ಬಂತು. ಕಂಡಕ್ಟರನ ಬೆರಳ ಸಂದಿಯಲ್ಲಿ ಸಿಗರೇಟು! ಅತ್ತೆ ನೇರ ಅವನ ಎದುರಿಗೇ ಹೋಗಿ ನಿಂತರು.

"ಮಗಾ, ನಿನ್ನ ಹತ್ರ ಸಿಗರೇಟು ಉಂಟಾ?"

ಅವನು ಉರಿಯುತ್ತಿದ್ದದ್ದನ್ನು ಬಿಸಾಡಿ ನೆಟ್ಟಗೆ ನಿಂತ. "ಇಲ್ಲ ಅಮ್ಮಾ! ನಾನು ಸೇದುವುದೇ ಇಲ್ಲ!"

"ಸೇದದಿದ್ದರೆ ನನಗೆಂತ ಪ್ರಯೋಜನ? ಸೇದು ಮಾರಾಯ! ಬೇಗ ಬೇಗ ಸೇದಿ ಪೊಟ್ಟಣ ಖಾಲಿ ಮಾಡು!"

ಬಸ್ಸಿನೊಳಗೆ ಯಾರೋ "ಶಿವ ಶಿವ" ಎಂದರು. ಕಂಡಕ್ಟರನು ತುಂಬಿದ ಪೊಟ್ಟಣವನ್ನೇ ಒಪ್ಪಿಸಿದ. ಅತ್ತೆ ಸಿಗರೇಟುಗಳನ್ನು ಅವನ ಜೇಬಿಗೆ ತುರುಕಿ ಪೊಟ್ಟಣವನ್ನಷ್ಟೇ ಇಟ್ಟುಕೊಂಡರು. ಆದರೆ ಹಿಂದಿನ ಸೀಟಿನವರಿಗೆ ಕಂಡದ್ದು ಕೊಟ್ಟದ್ದು ಮಾತ್ರ, ತುರುಕಿದ್ದು ಕಾಣಲಿಲ್ಲ. ಬಸ್ಸು ಕಾಸರಗೋಡಿನವರೆಗೆ ಹೋಗುವುದು. ದಾರಿಯುದ್ದಕ್ಕೂ ಎಷ್ಟು ಜನ ಹತ್ತಿ ಇಳಿದರೆಂದು ನೀವೇ ಊಹಿಸಿ!

ಕಳ್ಳಿನ ಕತೆ ಇನ್ನೂ ಚಂದ. ನಮ್ಮ ಗಡಿಯ ತೆಂಗಿನಿಂದ ಕಳ್ಳು ಇಳಿಸುತ್ತಿದ್ದ ಐತಪ್ಪನನ್ನು ಅತ್ತೆ ಬೇಲಿಯ ಈಚೆಯಿಂದಲೇ ಕರೆದರು.

"ಐತಪ್ಪಾ, ಒಂದು ಮಡಕೆ ಕಳ್ಳು ಬೇಕಿತ್ತು."

ಅವನು ಮರದಿಂದ ಜಾರಿ ಬೀಳುವುದೊಂದು ಬಾಕಿ. "ಯಾರಿಗೆ ಅಮ್ಮಾ?"

"ನನಗೇ. ಇವತ್ತಿನದ್ದು ಬೇಡ, ಅದು ಸಿಹಿ. ನಾಲ್ಕು ದಿನದ್ದು, ಒಳ್ಳೆ ಹುಳಿ ಬಂದದ್ದು ಇರಲಿ."

ಐತಪ್ಪ ಕೈಮುಗಿದು ತಂದುಕೊಟ್ಟ. ಆ ಸಂಜೆ ಕಳ್ಳಿನ ಅಂಗಡಿಯಲ್ಲಿ, "ಆ ಅಮ್ಮನಿಗೆ ಗೊತ್ತಿದ್ದಷ್ಟು ನಿಮಗ್ಯಾರಿಗೂ ಗೊತ್ತಿಲ್ಲ," ಎಂದು ಎಲ್ಲರ ಎದುರು ಗೌರವದಿಂದ ಹೇಳಿದನಂತೆ!

ಅಪ್ಪನ ಕಿವಿಗೆ ಎರಡೂ ಸುದ್ದಿ ಒಂದೇ ದಿನ ಬಿದ್ದವು. "ಅಕ್ಕಾ, ಎಂತ ಇದು? ಹುಡುಗಿಯ ಮದುವೆ ನಿಂತುಹೋದೀತು!" ಎಂದು ಬಾಯಿಬಾಯಿ ಬಡಿದುಕೊಂಡರು.

"ತುಕ್ಕು ಹೋಗದಿದ್ದರೂ ನಿಲ್ತದೆ," ಎಂದರು ಅತ್ತೆ. "ಮಡಕೆ ಒಳಗೆ ತಂದಿದ್ದೇನಾ? ಹಟ್ಟಿಯ ಆಚೆ ಉಂಟು. ತಿಕ್ಕುವುದು ಸ್ನಾನಕ್ಕೆ ಮೊದಲು. ಆಮೇಲೆ ತಲೆಗೆ ಹನ್ನೆರಡು ಕೊಡಪಾನ ನೀರು. ಇನ್ನು ಎಷ್ಟು ಬೇಕು ನಿನಗೆ?"

ಮೂಗಿಗೆ ಸೆರಗು ಕಟ್ಟಿ, ಬೆಳ್ಳಿ ಕಾಗದದ ಮುದ್ದೆಯನ್ನು ಕಳ್ಳಿನಲ್ಲಿ ಅದ್ದಿ, ಮಗುವಿನ ಮೈ ಉಜ್ಜುವ ಹಾಗೆ ಅತ್ತೆ ಮೆಲ್ಲಮೆಲ್ಲನೆ ಉಜ್ಜಿದರು. ಕಪ್ಪಗೆ ಕೆಸರಿನಂಥದು ಇಳಿಯಿತು. ಬಟ್ಟೆಯಲ್ಲಿ ಒರಸಿದರೆ ಅಡಿಯಲ್ಲಿ ಒಂದು ಕಾಸಿನಷ್ಟು ಜಾಗ ಫಳಕ್ಕೆಂದಿತು! ನಾನು ಕುಣಿದುಬಿಟ್ಟೆ. ಅಲ್ಲಿಂದ ಅತ್ತೆಗೆ ಊಟದ ನೆನಪೂ ಇಲ್ಲ, ಜಪದ ನೆನಪೂ ಇಲ್ಲ. ಕಾಗದ ಮುಗಿದಾಗಲೆಲ್ಲ ಮತ್ತೆ ಬಸ್ಸು ನಿಲ್ಲುವಲ್ಲಿಗೆ ಹೋಗಿ ಪೊಟ್ಟಣ ಹೆಕ್ಕಿ ತಂದರು. ಒಂದೊಂದು ಅಂಗುಲವೂ ಬೆಳಗುತ್ತ ಹೋಯಿತು. ಇಟ್ಟಿಗೆ ಪುಡಿಯ ಗೀರು ಬಿದ್ದ ಜಾಗಕ್ಕೆ ಮಾತ್ರ ಮದ್ದಿರಲಿಲ್ಲ. ಅಲ್ಲಿಗೆ ಅತ್ತೆ ಹಳೆಯ ಸೀರೆಯ ಕೆಂಪು ಪಟ್ಟಿಯೊಂದನ್ನು ಹಿಡಿಕೆಯ ಅಲಂಕಾರದ ಹಾಗೆ ಸುತ್ತಿ, ಇನ್ನೊಂದು ಬದಿಗೂ ಹಾಗೆಯೇ ಸುತ್ತಿದರು. ಕೊನೆಗೆ ಉಳಿದದ್ದು ಗಂಟೆಯ ಬುರುಡೆ. ಅದಕ್ಕೆ ತೆಂಗಿನೆಣ್ಣೆ ಕೊಟ್ಟು ಒರಸುತ್ತಿದ್ದಾಗಲೇ, ಹೇಳಿದ್ದಕ್ಕಿಂತ ಎರಡು ದಿನ ಮೊದಲು ಮಾವನವರು ಬಂದುಬಿಟ್ಟರು.

ಮೊದಲೇ ಬಂದದ್ದಕ್ಕೆ ಕಾರಣ ಬೇರೇನು? ಸುದ್ದಿ ದೇಲಂಪಾಡಿಗೂ ಮುಟ್ಟಿತ್ತು. ಅಂಗಳದಲ್ಲಿ ಯಾರೂ ಇಲ್ಲದ್ದರಿಂದ ಅವರು ನೇರ ಹಿತ್ತಲಿಗೇ ನಡೆದರು. ಅಡುಗೆಮನೆಯ ಕಿಟಕಿಯಿಂದ ನಾನು ಅದನ್ನು ಕಂಡೆ. ಶುಭದ ಮಾತಿಗೆ ಬಂದವರ ಎದುರು ಅತ್ತೆ ಎಂದೂ ಕಾಣಿಸಿಕೊಳ್ಳುವವರಲ್ಲ. ಅಂಥವರು ಈಗ ಹಲಸಿನ ಮರದಡಿಯಲ್ಲಿ ಕಾಲು ಚಾಚಿ ಕೂತಿದ್ದಾರೆ, ಸುತ್ತ ಹದಿನೆಂಟು ಸಿಗರೇಟು ಪೊಟ್ಟಣ, ತೊಡೆಯ ಬದಿಯಲ್ಲಿ ಕಳ್ಳಿನ ಮಡಕೆ! ಮಾವನವರು ಕಲ್ಲಾಗಿ ನಿಂತರು. ಅಪ್ಪ ಓಡಿ ಬಂದವರು ಅರ್ಧ ದಾರಿಯಲ್ಲೇ ನಿಂತರು.

"ಕೇಳಿದ್ದು ಸುಳ್ಳಿರಬಹುದು ಅಂತ ಬಂದೆ," ಎಂದರು ಮಾವನವರು. "ಕಣ್ಣಾರೆ ಕಂಡೆ. ನಮ್ಮ ಮನೆತನದಲ್ಲಿ ಏಳು ತಲೆಮಾರಿನಿಂದ ಹೊಗೆಸೊಪ್ಪು ಎಂಬ ವಸ್ತುವನ್ನು ಯಾರೂ ಮುಟ್ಟಿದ್ದಿಲ್ಲ. ಈ ಸಂಬಂಧ ನಮಗೆ ಬೇಡ!"

ನನ್ನ ಕೈಯ ಸೌಟು ಕೆಳಗೆ ಬಿತ್ತು. ಮುಗಿಯಿತು. ಇದು ಮೂರನೆಯದು.

ಅತ್ತೆ ಎದ್ದು ನಿಂತರು. ಸಮಜಾಯಿಷಿ ಇಲ್ಲ, ಕಣ್ಣೀರಿಲ್ಲ. ಸೈಕಲ್ಲನ್ನು ನೂಕಿಕೊಂಡು ಹೋಗಿ ಮಾವನವರ ಮೂಗಿನ ಕೆಳಗೇ ನಿಲ್ಲಿಸಿದರು. "ಮುಖ ಕಾಣಬೇಕು ಅಂತ ಹೇಳಿದ್ದಿರಲ್ಲ. ಬೇಡ ಎನ್ನುವ ಮೊದಲು ಒಮ್ಮೆ ನೋಡಿ."

ಮಾವನವರು ಬೇಡ ಬೇಡವೆಂದೇ ಬಗ್ಗಿದರು. ಗಂಟೆಯ ಬುರುಡೆಯಲ್ಲಿ ಅವರ ಮುಖ ಅಗಲವಾಗಿ ಮೂಡಿತು. ಅದರ ನಡುವೆ ಗುಡ್ಡದಂಥ ಮೂಗು. ಮೂಗಿನ ಎರಡೂ ಹೊಳ್ಳೆಯ ಕೆಳಗೆ, ಮೇಲ್ದುಟಿಯವರೆಗೆ, ದಾರಿಯಲ್ಲಿ ಏರಿಸಿದ ನಶ್ಯದ ಕಂದು ಪುಡಿ! ನಶ್ಯ ಏನು ತುಳಸಿ ಎಲೆಯ ಪುಡಿಯೇ? ಅದೂ ಹೊಗೆಸೊಪ್ಪೇ ತಾನೆ? ಮಾವನವರು ಶಾಲಿನ ಅಂಚಿನಿಂದ ಗಡಬಡಿಸಿ ಮೂಗು ಒರಸಿಕೊಂಡರು.

"ಕಾಣ್ತದಾ?" ಎಂದರು ಅತ್ತೆ.

"ಕಾಣ್ತದೆ."

"ಸಮ ಕಾಣ್ತದಾ?"

ಮಾವನವರು ಮತ್ತೊಮ್ಮೆ ಬಗ್ಗಿ ನೋಡಿದರು. ತುಕ್ಕಿನ ಕೆಸರು, ಬೆಳ್ಳಿ ಕಾಗದದ ಮುದ್ದೆಗಳು, ಅತ್ತೆಯ ಸಿಪ್ಪೆ ಎದ್ದ ಬೆರಳುಗಳು ಎಲ್ಲದರ ಮೇಲೂ ಅವರ ಕಣ್ಣು ಹೋಯಿತು. ಸುದ್ದಿಯ ಅರ್ಥ ಈಗ ಆದ ಹಾಗಿತ್ತು. "ಎಲ್ಲವೂ ಕಾಣ್ತದೆ ಅಮ್ಮಾ," ಎಂದರು ಸಣ್ಣ ಧ್ವನಿಯಲ್ಲಿ. ಆಮೇಲೆ ಅಪ್ಪನ ಕಡೆ ತಿರುಗಿ, "ಮುಹೂರ್ತ ಬೇಗ ಇಟ್ಟುಕೊಳ್ಳುವ," ಎಂದರು.

ಅವರು ಊಟ ಮುಗಿಸಿ ಹೋದ ಮೇಲೆ ಅತ್ತೆಯನ್ನು ಸ್ನಾನಕ್ಕೆ ಕರೆಯೋಣವೆಂದು ಹಿತ್ತಲಿಗೆ ಹೋದೆ. ಅತ್ತೆ ಸೈಕಲ್ಲಿನ ಎದುರು ಮೊಣಕಾಲೂರಿ, ಗಂಟೆಗೆ ಮುಖ ಹತ್ತಿರ ತಂದು ಅಲ್ಲಾಡದೆ ಕೂತಿದ್ದರು. ಇನ್ನೂ ಎಲ್ಲೋ ಒಂದು ಚುಕ್ಕೆ ತುಕ್ಕು ಉಳಿದಿರಬೇಕು, ಈ ಹುಚ್ಚಿಗೆ ಕೊನೆಯೇ ಇಲ್ಲ ಎಂದು ನಗು ಬಂತು.

"ಬಾ ಇಲ್ಲಿ," ಎಂದರು ತಿರುಗದೆ. "ಇದು ಅಮ್ಮ ಅಲ್ವಾ?"

ಅವರ ಅಮ್ಮ, ಅಂದರೆ ನನ್ನ ಅಜ್ಜಿ, ತೀರಿಹೋಗಿ ಎಷ್ಟೋ ವರ್ಷ ಆಗಿತ್ತು. ನಾನು ಹೆದರಿ ಹಿಂದೆ ಮುಂದೆ ನೋಡಿದೆ. ಯಾರೂ ಇರಲಿಲ್ಲ.

"ಅಮ್ಮನೇ ಕೂತ ಹಾಗೆ ಉಂಟು ಮಾರಾಯ್ತಿ. ನಾನು ಯಾವಾಗ ಇಷ್ಟು ಮುದುಕಿ ಆದದ್ದು? ನೀವು ಯಾರೂ ಹೇಳಲೇ ಇಲ್ಲ."

ಬಾವಿಯ ನೀರಿನಲ್ಲಿ, ತಂಬಿಗೆಯ ಹೊಟ್ಟೆಯಲ್ಲಿ ನೆರಳಿನಂಥದು ಕಂಡಿರಬಹುದು. ಆದರೆ ಕಣ್ಣು ಮೂಗು ತಿಳಿಯುವ ಹಾಗೆ ಅತ್ತೆ ತಮ್ಮ ಮುಖ ನೋಡಿ ನಲವತ್ತು ವರ್ಷವಾಗಿತ್ತು. "ಕಡೆಗೆ ನೋಡಿದಾಗ ಎರಡು ಜಡೆ ಇತ್ತು," ಎಂದರು. "ನಕ್ಕರೆ ಈ ಕೆನ್ನೆಯಲ್ಲಿ ಗುಳಿ ಬೀಳ್ತಿತ್ತು." ಹಾಗೆಂದು, ನಗುವಂಥದ್ದು ಏನೂ ಇಲ್ಲದಿದ್ದರೂ, ಗಂಟೆಯನ್ನು ನೋಡಿ ನಕ್ಕರು. "ಹೇ, ಈಗಲೂ ಬೀಳ್ತದೆ ನೋಡು!"

ನಾನು ನೋಡಲಿಲ್ಲ. ಅತ್ತೆ ಕನ್ನಡಿಯ ಮುಂದೆ ಸೆರಗು ಅಡ್ಡ ಹಿಡಿದು ಓಡುವಾಗ ಬಾಯಿ ಮುಚ್ಚಿಕೊಂಡು ನಕ್ಕದ್ದೆಲ್ಲ ಒಟ್ಟಿಗೆ ನೆನಪಾಗಿ ನನಗೆ ಕಣ್ಣು ಕಾಣುತ್ತಿರಲಿಲ್ಲ.

ಮದುವೆಯಾಗಿ ಹೊರಡುವ ದಿನ ಆ ಗಂಟೆಯ ಬುರುಡೆಯನ್ನು ತಿರುಗಿಸಿ ಬಿಚ್ಚಿ ಅತ್ತೆಯ ಕೈಗೆ ಕೊಟ್ಟು ಬಂದೆ. ನನ್ನ ಗಂಡ ಕಾರಣ ಕೇಳಿದರು, ಹೇಳಿದೆ. ಅವರು ಬೇರೆ ಗಂಟೆ ಹಾಕಿಸಲಿಲ್ಲ. ಆರು ಮೈಲಿನ ದಾರಿಯುದ್ದಕ್ಕೂ "ಓಯ್, ಓಯ್" ಎಂದು ಬಾಯಲ್ಲೇ ಕೂಗುತ್ತ ಶಾಲೆಗೆ ಹೋದರು. ದೇಲಂಪಾಡಿಯ ಜನ ಮಾಸ್ಟ್ರಿಗೆ ಸ್ವಲ್ಪ ತಲೆ ಕೆಟ್ಟಿದೆ ಎಂದರು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ ಒಂದು ಮಧ್ಯಾಹ್ನ ಹಲಸಿನ ಮರದಡಿಯಲ್ಲಿ ಅತ್ತೆ ಸೊಂಟದ ಗಂಟಿನಿಂದ ಬೆಳ್ಳಿ ಕಾಗದದಲ್ಲಿ ಸುತ್ತಿದ ಬುರುಡೆಯನ್ನು ತೆಗೆದು ಒರಸುವುದನ್ನು ಕಂಡೆ. ನನ್ನನ್ನು ನೋಡಿ ಕದ್ದವರ ಹಾಗೆ ಕೈ ಮುಚ್ಚಿಕೊಂಡರು.

"ತುಕ್ಕು ಹಿಡಿಯಬಾರದು ಅಂತ ದಿನಾ ಒಮ್ಮೆ ಒರಸ್ತೇನೆ, ಅಷ್ಟೆ. ಒರಸುವಾಗ ಕಣ್ಣಿಗೆ ಬಿದ್ದರೆ ನಾನೆಂತ ಮಾಡುವುದು?" ಎಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದರು. "ಇದು ಕನ್ನಡಿ ಅಲ್ವಲ್ಲ ಮಗಾ? ಗಂಟೆ ಅಲ್ವಾ?"

"ಹೌದು ಅತ್ತೆ," ಎಂದೆ. "ಗಂಟೆಯೇ."